ಹಿಮದ ಹಲಗೆ, ಮನೆಯ ಮಾತು
(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಈ ವೇದಿಕೆಯಿಂದ ನಾವು ಹಿಂದಿನ ವರ್ಷಗಳಲ್ಲಿ ಪಂಪನನ್ನು ಕುರಿತು ಮಾತಾಡಿದ್ದುಂಟು, ಪುಲಿಕೇಶಿಯನ್ನು ಕುರಿತು ಮಾತಾಡಿದ್ದುಂಟು, ಏಕೀಕರಣಕ್ಕಾಗಿ ಹೆಣಗಿದ ಹಿರಿಯರನ್ನು ನೆನೆದದ್ದೂ ಉಂಟು. ಈ ಸಲ ವಿಷಯ ಯಾವುದೆಂದು ಕಾರ್ಯದರ್ಶಿಗಳು ಕೇಳಿದಾಗ, “ಸ್ನೋಬೋರ್ಡ್ ಎಂಬ ಹಿಮದಾಟದಲ್ಲಿ ಜಗತ್ತನ್ನೇ ಗೆದ್ದ ಒಬ್ಬ ಹೆಣ್ಣುಮಗಳ ಕಥೆ” ಎಂದೆವು. ಅವರು ಕೆಲವು ಕ್ಷಣ ಸುಮ್ಮನಿದ್ದು, “ರಾಯರೇ, ನಮ್ಮ ಮುಂಬಯಿಯಲ್ಲಿ ಹಿಮ ಬೀಳುವುದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ” ಎಂದರು. ಅವರ ಮಾತು ಸುಳ್ಳಲ್ಲ. ಆದರೂ ನಾವು ಹಟ ಬಿಡಲಿಲ್ಲ. ಹಟಕ್ಕೆ ಕಾರಣವೊಂದಿದೆ. ಅದನ್ನು ಕಡೆಯಲ್ಲಿ ಹೇಳುವೆವು. ಈಗಲೇ ಹೇಳಿಬಿಟ್ಟರೆ ನೀವು ಕಾಫಿಗೆ ಎದ್ದು ಹೋದೀರಿ.

ಮೊದಲು ಆಟ ಎಂಥದೆಂಬುದನ್ನು ತಿಳಿಯೋಣ. ಹಿಮದ ಮೇಲೆ ಜಾರುವ ಸ್ಕೀ ಎಂಬುದು ಬಹು ಪುರಾತನವಾದುದು. ಎರಡು ಕಾಲಿಗೆ ಎರಡು ನೀಳವಾದ ಪಟ್ಟಿಗಳನ್ನು ಬಿಗಿದು, ಎರಡು ಕೈಯಲ್ಲಿ ಎರಡು ಕೋಲು ಹಿಡಿದು ಬೆಟ್ಟ ಇಳಿಯುವುದು. ಅದರ ಮುಂದೆ ಸ್ನೋಬೋರ್ಡ್ ನಿನ್ನೆ ಮೊನ್ನೆಯ ಕೂಸು. ಇಲ್ಲಿ ಎರಡು ಕಾಲಿಗೂ ಸೇರಿ ಒಂದೇ ಹಲಗೆ, ಕೋಲಿಲ್ಲ, ನಿಲ್ಲುವುದೂ ಅಡ್ಡಲಾಗಿ. 1965ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಷಿಗನ್ ಪ್ರಾಂತದ ಮಸ್ಕೀಗನ್ ಎಂಬ ಊರಿನಲ್ಲಿ ಶರ್ಮನ್ ಪಾಪೆನ್ ಎಂಬವರು, ಗರ್ಭಿಣಿಯಾಗಿದ್ದ ಹೆಂಡತಿಗೆ ಕೊಂಚ ವಿಶ್ರಾಂತಿ ದೊರೆಯಲೆಂದು, ಗದ್ದಲವೆಬ್ಬಿಸುತ್ತಿದ್ದ ಹೆಣ್ಣುಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ, ಎರಡು ಸ್ಕೀಗಳನ್ನು ಒಟ್ಟಿಗೆ ಬಿಗಿದು ಅದರ ಮೇಲೆ ಅವರನ್ನು ನಿಲ್ಲಿಸಿ ಜಾರಿಬಿಟ್ಟರು. ಅದೇ ಈ ಆಟದ ಬೀಜ. ಮಕ್ಕಳ ಕಾಟ ತಾಳಲಾರದೆ ಹುಟ್ಟಿದ ವಿದ್ಯೆಗಳು ಲೋಕದಲ್ಲಿ ಇನ್ನೆಷ್ಟಿವೆಯೋ! 1977ರಲ್ಲಿ ಜೇಕ್ ಬರ್ಟನ್ ಎಂಬ ತರುಣ ವರ್ಮಾಂಟಿನಲ್ಲಿ ಹಲಗೆ ಮಾಡಿ ಮಾರುವ ಕಾರಖಾನೆ ತೆರೆದ. ಬಹಳ ಕಾಲ ಸ್ಕೀ ಆಡುವ ದೊಡ್ಡ ಮನುಷ್ಯರು ಈ ಹಲಗೆಯವರನ್ನು ಪುಂಡರೆಂದು ಬಗೆದು ತಮ್ಮ ಬೆಟ್ಟಗಳಿಗೆ ಬಿಟ್ಟುಕೊಳ್ಳಲಿಲ್ಲ. ಕಡೆಗೆ 1998ರಲ್ಲಿ, ಜಪಾನಿನ ನಾಗನೋ ನಗರದಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸಿನಲ್ಲಿ, ಆಟಕ್ಕೆ ಪಂಕ್ತಿಯಲ್ಲಿ ಎಲೆ ಬಿತ್ತು.

ಈ ಆಟದಲ್ಲಿಯೂ ಹಲವು ಬಗೆಗಳುಂಟು. ನಾವು ಹೇಳಹೊರಟಿರುವುದು ‘ಹಾಫ್‌ಪೈಪ್’ ಎಂಬ ಬಗೆಯನ್ನು. ದಕ್ಷಿಣ ಕನ್ನಡದವರಿಗೆ, ಮಲೆನಾಡಿನವರಿಗೆ ಇದನ್ನು ತಿಳಿಸುವುದು ಸುಲಭ: ತೋಟಕ್ಕೆ ನೀರು ಹರಿಯಿಸಲು ಅಡಿಕೆಮರವನ್ನು ಸೀಳಿ ತಿರುಳು ತೆಗೆದು ದಂಬೆ ಮಾಡುವುದಿಲ್ಲವೇ? ಅಂಥ ದಂಬೆಯೊಂದನ್ನು ಹಿಮದಲ್ಲಿ ಕೊರೆದು, ಎರಡೂ ಬದಿಯ ಗೋಡೆಗಳನ್ನು ಸುಮಾರು 22 ಅಡಿ ಎತ್ತರಕ್ಕೆ ಏರಿಸಿ, ಬೆಟ್ಟದ ಇಳಿಜಾರಿನಲ್ಲಿ ಮಲಗಿಸಿದಂತೆ ಊಹಿಸಿಕೊಳ್ಳಿ. ಆಟಗಾರ್ತಿ ಒಂದು ಬದಿಯ ಗೋಡೆಯನ್ನೇರಿ, ಅಂಚು ದಾಟಿ ಗಾಳಿಗೆ ಚಿಮ್ಮಿ, ಅಲ್ಲಿ ಬುಗುರಿಯಂತೆ ಸುತ್ತಿ, ಮತ್ತೆ ಅದೇ ಗೋಡೆಗೆ ಇಳಿದು, ಎದುರು ಬದಿಯ ಗೋಡೆಗೆ ಹಾಯಬೇಕು. ಹೀಗೆ ಐದಾರು ಸಲ ಹಾರಿದರೆ ಒಂದು ಇಳಿತ ಮುಗಿಯಿತು. ಒಂದು ಪೂರ್ಣ ಸುತ್ತಿಗೆ 360 ಡಿಗ್ರಿ. ಮೂರು ಸುತ್ತಾದರೆ 1080. ಆದ್ದರಿಂದ ಆ ವರಸೆಗೆ ‘ಸಾವಿರದ ಎಂಬತ್ತು’ ಎಂದೇ ಹೆಸರು. ತೀರ್ಪುಗಾರರು ಆರು ಮಂದಿ; ನೂರಕ್ಕೆ ಅಂಕ ಕೊಡುವರು; ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದವುಗಳ ಸರಾಸರಿ ಹಿಡಿಯುವರು. ಅಂತಿಮ ಸುತ್ತಿನಲ್ಲಿ ಒಬ್ಬೊಬ್ಬರಿಗೆ ಮೂರು ಇಳಿತ. ಮೂರರಲ್ಲಿ ಉತ್ತಮವಾದುದೇ ಲೆಕ್ಕಕ್ಕೆ. ಬಿದ್ದರೆ ಬೀಳುವುದು ಹೂವಿನ ಮೇಲಲ್ಲ. ಹಿಮವೆಂದರೆ ಹತ್ತಿಯೆಂದು ಸಿನಿಮಾ ನೋಡಿದವರು ತಿಳಿದಿರಬಹುದು. ಆ ಗೋಡೆ ಕಲ್ಲಿನಷ್ಟು ಗಟ್ಟಿಯಾಗಿರುವುದು.

ಇನ್ನು ಕಥೆಗೆ ಬರೋಣ. ಹುಡುಗಿಯ ಹೆಸರು ಕ್ಲೋಯಿ ಕಿಮ್. ಹುಟ್ಟಿದ್ದು 2000ದ ಏಪ್ರಿಲ್ 23ರಂದು, ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ನಗರದಲ್ಲಿ. ಆದರೆ ಕಥೆ ಆರಂಭವಾಗುವುದು ಅದಕ್ಕಿಂತ ಹದಿನೆಂಟು ವರ್ಷ ಹಿಂದೆ. ಆಕೆಯ ತಂದೆ ಜೊಂಗ್ ಜಿನ್ ಕಿಮ್ 1982ರಲ್ಲಿ ದಕ್ಷಿಣ ಕೊರಿಯಾ ಬಿಟ್ಟು ಅಮೆರಿಕಕ್ಕೆ ಬಂದರು. ಬರುವಾಗ ಅವರ ಬಳಿ ಇದ್ದುದು 800 ಡಾಲರು ನಗದು ಮತ್ತು ಒಂದು ಕೊರಿಯನ್-ಇಂಗ್ಲಿಷ್ ನಿಘಂಟು. ಹಣ ಎಷ್ಟು ದಿನ ಬಂದೀತು? ತಟ್ಟೆ ತೊಳೆಯುವ ಕೆಲಸಕ್ಕೆ ನಿಂತರು. ಕೂಲಿಯ ನಡುವೆಯೇ ಕಾಲೇಜು ಸೇರಿ ಇಂಜನಿಯರಿಂಗ್ ಕಲಿತರು.

ಇಷ್ಟನ್ನು ಓದಿದಾಗ ನಾವು ಪತ್ರಿಕೆಯನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಕುಳಿತೆವು. ಏಕೆಂದು ಈ ಸಭೆಗೆ ವಿವರಿಸಬೇಕಾಗಿಲ್ಲ. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಕರಾವಳಿಯಿಂದ ಬಂದು, ಫೋರ್ಟಿನ ಹೋಟೆಲುಗಳಲ್ಲಿ ಹಗಲೆಲ್ಲ ಲೋಟ ತೊಳೆದು, ಸಂಜೆ ಕೈ ಒರಸಿಕೊಂಡು ಕನ್ನಡದ ರಾತ್ರಿಶಾಲೆಗೆ ಓಡಿ, ತೂಕಡಿಸುತ್ತ ಮೆಟ್ರಿಕ್ ಮುಗಿಸಿದವರು ಈ ಸಭೆಯ ಮೊದಲ ಸಾಲಿನಲ್ಲಿಯೇ ಕುಳಿತಿದ್ದಾರೆ. ಅವರ ಕಡೆಗೆ ಬೆರಳು ತೋರಿದರೆ ಕೋಪಿಸಿಕೊಳ್ಳುವರು, ಆದುದರಿಂದ ತೋರುವುದಿಲ್ಲ. ಊರು ಬೇರೆ, ಸಮುದ್ರ ಬೇರೆ. ಸೋಪಿನ ನೀರಿಗೆ ಬೆರಳು ನೆನೆದು ಸುಕ್ಕಾಗುವುದು ಎಲ್ಲ ಕಡೆಯೂ ಒಂದೇ ತೆರ.

ಕಿಮ್ ದಂಪತಿಗಳು ಲಾಸ್ ಏಂಜಲಿಸ್ ಬಳಿಯ ಟಾರೆನ್ಸ್ ಎಂಬಲ್ಲಿ ಸಂಸಾರ ಹೂಡಿದರು. ತಂದೆಗೆ ಸ್ನೋಬೋರ್ಡಿನ ಹುಚ್ಚು ಹಿಡಿಯಿತು. ಹೆಂಡತಿ ಬೊರಾನ್ ಯೂನ್ ಅವರೂ ಜೊತೆಗೆ ಬರಲೆಂಬ ಆಸೆ. ಆಕೆಗೆ ಚಳಿ ಬೇಡ. ಆಗ ಈ ಮಹಾಶಯರು ಒಂದು ಉಪಾಯ ಹೂಡಿದರು. ನಾಲ್ಕು ವರ್ಷದ ಮಗಳನ್ನು ಬೆಟ್ಟಕ್ಕೆ ಕರೆದೊಯ್ದರೆ, ಮಗುವಿನ ಹಿಂದೆ ತಾಯಿ ಬಾರದಿರುವಳೇ? ಹೀಗೆ ಮೀನಿನ ಗಾಳಕ್ಕೆ ಸಿಕ್ಕಿಸಿದ ಎರೆಹುಳದಂತೆ ಮಗಳು ಮೌಂಟನ್ ಹೈ ಎಂಬ ಬೆಟ್ಟಕ್ಕೆ ಹೋದಳು. ಮೀನು ಗಾಳಕ್ಕೆ ಬಿದ್ದಿತೋ ಇಲ್ಲವೋ, ಎರೆಹುಳಕ್ಕೆ ಮಾತ್ರ ನೀರು ರುಚಿಸಿತು! ಮಗಳ ಮೊದಲ ಹಲಗೆಯನ್ನು ತಂದೆ 25 ಡಾಲರಿಗೆ ಹರಾಜಿನಲ್ಲಿ ಕೊಂಡರು. ಹಲಗೆ ಚೆನ್ನಾಗಿ ಜಾರಲು ಅಡಿಗೆ ವಿಶೇಷ ಮೇಣ ಸವರಬೇಕು. ಅದನ್ನು ಅರಿಯದ ತಂದೆ ಮನೆಯಲ್ಲಿ ಉರಿಸುವ ಮೇಣದ ಬತ್ತಿಯನ್ನೇ ಉಜ್ಜಿದರೆಂದು ಹೇಳುವರು.

ಮಗುವಿಗೆ ಎಂಟು ವರ್ಷವಾದಾಗ ಆಕೆಯನ್ನು ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿದ್ದ ಅತ್ತೆಯ ಮನೆಗೆ ಕಳುಹಿಸಿದರು. ಎರಡು ವರ್ಷ ಅಲ್ಲಿ ವಾಸ. ಶಾಲೆಯಲ್ಲಿ ಫ್ರೆಂಚ್, ಮನೆಯಲ್ಲಿ ಕೊರಿಯನ್, ಹುಟ್ಟಿನಿಂದ ಬಂದ ಇಂಗ್ಲಿಷ್: ಮೂರು ಭಾಷೆ ನಾಲಗೆಯ ಮೇಲೆ. (ಇದರಲ್ಲಿ ನಮ್ಮ ಮಕ್ಕಳಿಗೆ ಆಶ್ಚರ್ಯವೇನೂ ಕಾಣದು, ಅವರು ಮನೆ ಬಿಟ್ಟು ಬಸ್ ಸ್ಟಾಪು ತಲುಪುವಷ್ಟರಲ್ಲಿ ಕನ್ನಡ, ಮರಾಠಿ, ಹಿಂದಿ ಮೂರನ್ನೂ ಆಡಿ ಮುಗಿಸಿರುತ್ತಾರೆ.) ಅಭ್ಯಾಸದ ದಿನ ತಂದೆಮಗಳು ಬೆಳಗಿನ ನಾಲ್ಕು ಗಂಟೆಗೆ ಎದ್ದು, ರೈಲು ಬದಲಾಯಿಸಿ, ಗಡಿ ದಾಟಿ, ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳಲ್ಲಿರುವ ಅವೋರಿಯಾಜ್ ಎಂಬ ಸ್ಥಳಕ್ಕೆ ಹೋಗುವರು. ಇಷ್ಟರಲ್ಲಿ ತಂದೆ ಇಂಜನಿಯರ್ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿತ್ತು. ತಟ್ಟೆ ತೊಳೆದು ಸಂಪಾದಿಸಿದ ವಿದ್ಯೆ, ವಿದ್ಯೆಯಿಂದ ಬಂದ ನೌಕರಿ. ಅದನ್ನು ಎಂಟು ವರ್ಷದ ಹುಡುಗಿಯ ಆಟಕ್ಕಾಗಿ ಬಿಡುವುದೆಂದರೇನು! ನಮ್ಮಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಊರಿನಿಂದ ಮಾವಂದಿರು ಹೊರಟು ಬರುತ್ತಿದ್ದರು. ಸರಿಯಾದುದನ್ನೇ ಮಾಡಿದರೆಂದು ಈಗ ಹೇಳುವುದು ಸುಲಭ, ಮಗಳು ಗೆದ್ದಿದ್ದಾಳೆ. ಗೆಲ್ಲದ ಎಷ್ಟು ಮಕ್ಕಳ ತಂದೆಯರು ಹೀಗೆಯೇ ನೌಕರಿ ಬಿಟ್ಟಿರಬಹುದು. ಅವರ ಕಥೆಯನ್ನು ಯಾರೂ ಬರೆಯುವುದಿಲ್ಲ. ಆ ಕಾರಣದಿಂದ ನಾವು ಈ ತಂದೆಯನ್ನು ಆದರ್ಶವೆಂದು ನಿಮ್ಮ ಮುಂದೆ ನಿಲ್ಲಿಸಲಾರೆವು. ನಡೆದುದನ್ನು ಹೇಳುತ್ತಿದ್ದೇವೆ, ಅಷ್ಟೆ.

ಕ್ಯಾಲಿಫೋರ್ನಿಯಾಕ್ಕೆ ಮರಳಿದ ಮೇಲೆ ಅಭ್ಯಾಸ ಮ್ಯಾಮತ್ ಪರ್ವತದಲ್ಲಿ. ಮನೆಯಿಂದ ಅಲ್ಲಿಗೆ 300 ಮೈಲಿಗೂ ಮಿಕ್ಕಿದ ದಾರಿ. ಮುಂಬಯಿಯಿಂದ ಬೆಳಗಾವಿಗೆ ಹೋದಷ್ಟು. ತಂದೆ ನಡುರಾತ್ರಿ ಕಳೆದ ಮೇಲೆ, ನಿದ್ರಿಸುತ್ತಿರುವ ಮಗಳನ್ನು ಹಾಗೆಯೇ ಎತ್ತಿಕೊಂಡು ಕಾರಿನ ಹಿಂಬದಿಯಲ್ಲಿ ಮಲಗಿಸಿ, ಐದಾರು ಗಂಟೆ ಕಾರು ನಡೆಸುವರು. ಹುಡುಗಿ ಕಣ್ಣು ಬಿಟ್ಟಾಗ ಎದುರಿಗೆ ಬೆಟ್ಟ.

ಪತ್ರಿಕೆಗಳೆಲ್ಲ ತಂದೆಯ ತ್ಯಾಗವನ್ನು ಹಾಡಿ ಹೊಗಳಿವೆ. ತಾಯಿಯ ವಿಷಯ ಒಂದೆರಡು ಸಾಲು. ಗಂಡ ನೌಕರಿ ಬಿಟ್ಟು ಮಗಳೊಡನೆ ಬೆಟ್ಟ ಹತ್ತಿದಾಗ ಮನೆಯ ಒಲೆ ತಾನಾಗಿಯೇ ಉರಿಯಿತೇ? ಈ ಮಾತನ್ನು ನಾವಲ್ಲ, ಲೇಖನವನ್ನು ನಮ್ಮ ಬಾಯಿಂದ ಕೇಳಿದ ನಮ್ಮ ಮನೆಯವರು ಕೇಳಿದರು. ಉತ್ತರ ಕೊಡಲು ನಮ್ಮಿಂದ ಆಗಲಿಲ್ಲ.

2013ರಲ್ಲಿ ಹುಡುಗಿ ಅಮೆರಿಕದ ರಾಷ್ಟ್ರೀಯ ತಂಡ ಸೇರಿದಳು. 2014ರಲ್ಲಿ ರಷ್ಯದ ಸೋಚಿಯಲ್ಲಿ ಒಲಿಂಪಿಕ್ಸ್. ಹೋಗಲು ಬೇಕಾದ ಅಂಕಗಳು ಆಕೆಗಿದ್ದವು, ವಯಸ್ಸಿರಲಿಲ್ಲ. ಹದಿನೈದು ತುಂಬಿರಬೇಕೆಂಬುದು ನಿಯಮ; ಆಕೆಗೆ ಹದಿಮೂರು. ಆ ವರ್ಷವೇ ಆಸ್ಪೆನ್ನಿನ ‘ಎಕ್ಸ್ ಗೇಮ್ಸ್’ ಎಂಬ ಪಂದ್ಯಾವಳಿಯಲ್ಲಿ ಕೆಲ್ಲಿ ಕ್ಲಾರ್ಕ್‌ಗೆ ಎರಡನೆಯವಳಾಗಿ ಬೆಳ್ಳಿ ಗೆದ್ದಳು. ಕ್ಲಾರ್ಕ್ ಎಂದರೆ 2002ರಲ್ಲಿಯೇ ಒಲಿಂಪಿಕ್ ಚಿನ್ನ ಗಳಿಸಿದ್ದ ಹಿರಿಯ ಆಟಗಾರ್ತಿ. ಮರುವರ್ಷ, 2015ರಲ್ಲಿ, ಅದೇ ಕ್ಲಾರ್ಕ್ ಅವರನ್ನು ಹಿಂದಿಕ್ಕಿ ಹದಿನಾಲ್ಕರ ಹುಡುಗಿ ಚಿನ್ನ ಪಡೆದಳು. ಆ ಪಂದ್ಯದಲ್ಲಿ ಅಷ್ಟು ಚಿಕ್ಕವರು ಅದುವರೆಗೆ ಚಿನ್ನ ಗೆದ್ದಿರಲಿಲ್ಲ. 2016ರ ಫೆಬ್ರವರಿಯಲ್ಲಿ ಪಾರ್ಕ್ ಸಿಟಿ ಎಂಬಲ್ಲಿ ಎರಡು ಸಾವಿರದ ಎಂಬತ್ತುಗಳನ್ನು ಬೆನ್ನಿಗೆ ಬೆನ್ನು ಹಾರಿದಳು. ಸ್ಪರ್ಧೆಯಲ್ಲಿ ಯಾವ ಹೆಂಗಸೂ ಅದನ್ನು ಮಾಡಿರಲಿಲ್ಲ. ತೀರ್ಪುಗಾರರು ನೂರಕ್ಕೆ ನೂರು ಕೊಟ್ಟರು. ಅದೇ ತಿಂಗಳು ನಾರ್ವೆಯ ಲಿಲ್ಲೆಹ್ಯಾಮರಿನ ಯುವ ಒಲಿಂಪಿಕ್ಸಿನಲ್ಲಿ ಅಮೆರಿಕದ ಧ್ವಜ ಹಿಡಿದು ನಡೆದು, ಎರಡು ಚಿನ್ನ ತಂದಳು.

ಆಮೇಲೆ ಬಂದುದು 2018. ವಿಧಿಯ ಚಮತ್ಕಾರ ನೋಡಿ: ಆಕೆ ಪ್ರಾಯಕ್ಕೆ ಬಂದು ಕಾಲಿಟ್ಟ ಮೊದಲ ಒಲಿಂಪಿಕ್ಸ್ ನಡೆದದ್ದು ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗಿನಲ್ಲಿ. ತಂದೆ 800 ಡಾಲರು ಹಿಡಿದು ಬಿಟ್ಟುಹೋದ ನಾಡಿಗೆ ಮಗಳು ಬೇರೆ ದೇಶದ ಅಂಗಿ ತೊಟ್ಟು ಬಂದಿಳಿದಳು. ಕೊರಿಯದ ಪತ್ರಿಕೆಗಳು ನಮ್ಮ ಹುಡುಗಿ ಎಂದವು. ಅಮೆರಿಕದವು ನಮ್ಮವಳು ಎಂದವು. ಹದಿನೇಳರ ಹುಡುಗಿಗೆ ಎರಡು ಕಡೆಯ ಹಾರ, ಎರಡು ಕಡೆಯ ಭಾರ.

ಫೆಬ್ರವರಿ 13ರಂದು ಅಂತಿಮ ಸ್ಪರ್ಧೆ. ಅಂದು ಬೆಳಗ್ಗೆ ತಂದೆ ಮಗಳಿಗೊಂದು ಸಂದೇಶ ಕಳುಹಿಸಿದರು. ಕೊರಿಯದ ಹಳೆಯ ಕಥೆಗಳಲ್ಲಿ ‘ಇಮುಗಿ’ ಎಂಬ ಸರ್ಪವುಂಟು. ಅದು ಸಾವಿರ ವರ್ಷ ಕಾದಿದ್ದು, ಕಾಲ ಕೂಡಿಬಂದಾಗ ಡ್ರಾಗನ್ ಆಗಿ ಆಕಾಶಕ್ಕೇರುವುದಂತೆ. ಇಮುಗಿ ಡ್ರಾಗನ್ನಾಗುವ ದಿನ ಇಂದೇ ಎಂಬುದು ಸಂದೇಶದ ಸಾರ. 2000 ಇಸವಿ ಪೂರ್ವದೇಶಗಳ ಪಂಚಾಂಗದಂತೆ ಡ್ರಾಗನ್ನಿನ ವರ್ಷ. ಅದನ್ನೇ ತಂದೆ ಮನಸ್ಸಿನಲ್ಲಿಟ್ಟಿದ್ದರು. ಅಮೆರಿಕದ ತಂಡದವಳಿಗೆ, ಅಮೆರಿಕದಲ್ಲಿ ಹುಟ್ಟಿದವಳಿಗೆ, ಧೈರ್ಯ ಹೇಳಲು ಆ ತಂದೆಗೆ ಸಿಕ್ಕಿದ ಮಾತು ಅಜ್ಜಿಯ ಕಾಲದ ಕಥೆಯದು.

ಮೊದಲ ಇಳಿತಕ್ಕೆ 93.75 ಅಂಕ. ಎರಡನೆಯದರಲ್ಲಿ ಬಿದ್ದಳು. ಚೀನದ ಲಿಯು ಜಿಯಾಯು 89.75ರಲ್ಲಿ ನಿಂತಿದ್ದರು, ಬೇರೆ ಯಾರೂ ಮೇಲೇರಲಿಲ್ಲ. ಹೀಗೆ ಮೂರನೆಯ ಇಳಿತಕ್ಕೆ ಬೆಟ್ಟದ ನೆತ್ತಿಯಲ್ಲಿ ನಿಂತಾಗ ಚಿನ್ನ ಆಗಲೇ ಕೈ ಸೇರಿತ್ತು. ಸುಮ್ಮನೆ ಕೈ ಬೀಸುತ್ತ ಇಳಿದು ಬಂದಿದ್ದರೂ ಕೇಳುವವರಿರಲಿಲ್ಲ. ಆಕೆ ಹಾಗೆ ಮಾಡಲಿಲ್ಲ. ಎರಡು ಸಾವಿರದ ಎಂಬತ್ತುಗಳನ್ನು ಬೆನ್ನಿಗೆ ಬೆನ್ನು ಹಾರಿ 98.25 ಪಡೆದಳು. ಗೆದ್ದ ಮೇಲೆ ಆಡಿದ ಆಟವೇ ಎಲ್ಲಕ್ಕಿಂತ ಚೆನ್ನಾಗಿತ್ತು. ಸ್ನೋಬೋರ್ಡಿನಲ್ಲಿ ಒಲಿಂಪಿಕ್ ಪದಕ ಪಡೆದ ಹೆಂಗಸರಲ್ಲಿ ಆಗ ಆಕೆಯೇ ಎಲ್ಲರಿಗಿಂತ ಕಿರಿಯಳು. ಕೆಳಗೆ ನೋಟಕರ ನಡುವೆ ತಂದೆ, ಕೈಯಲ್ಲಿ ಬರೆದ ಹಲಗೆಯೊಂದನ್ನು ಎತ್ತಿ ಹಿಡಿದು ನಿಂತಿದ್ದರು. ಅವರೊಡನೆ ಅಜ್ಜಿಯೂ ಇದ್ದರು. ಮೊಮ್ಮಗಳು ಸ್ಪರ್ಧೆಯಲ್ಲಿ ಆಡುವುದನ್ನು ಅಜ್ಜಿ ಕಂಡದ್ದು ಅದೇ ಮೊದಲು. ಇನ್ನೇನು ಮಾಡುವಿರಿ ಎಂದು ಪತ್ರಿಕೆಯವರು ಕೇಳಿದಾಗ, ಅಜ್ಜಿಯೊಡನೆ ಅಂಗಡಿ ತಿರುಗುವೆನೆಂದಳು ಹುಡುಗಿ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾವು ಇದನ್ನು ಆರಿಸುತ್ತಿರಲಿಲ್ಲ. ಗೆಲುವಿನ ಕಥೆಗಳು ಬೇಕಾದಷ್ಟಿವೆ. ವಾರಕ್ಕೊಂದು ಪತ್ರಿಕೆಯಲ್ಲಿ ಬರುತ್ತವೆ.

ಊರಿಗೆ ಮರಳಿದ ಮೇಲೆ ಆಕೆಯ ಹೆಸರಿನ ಬೊಂಬೆ ಬಂತು. ಕಾರ್ನ್‌ಫ್ಲೇಕ್ಸ್ ಡಬ್ಬಿಯ ಮೇಲೆ ಚಿತ್ರ ಬಂತು. ಅಂಗಡಿಗೆ ಹೋದರೆ ಜನ ಮುತ್ತುವರು. ಉಸಿರು ಕಟ್ಟಿದಂತಾಯಿತು. ಒಂದು ದಿನ ತಂದೆತಾಯಿಯರ ಮನೆಯಲ್ಲಿ ಆ ಚಿನ್ನದ ಪದಕವನ್ನು ಕಸದ ಬುಟ್ಟಿಗೆ ಎಸೆದುಬಿಟ್ಟಳು. ಇದನ್ನು ಬೇರೆಯವರು ಆಡಿಕೊಂಡದ್ದಲ್ಲ; 2022ರ ಆರಂಭದಲ್ಲಿ ‘ಟೈಮ್’ ಪತ್ರಿಕೆಗೆ ಆಕೆಯೇ ಹೇಳಿದ್ದು. ಆಮೇಲೆ ಪದಕವನ್ನು ಹೊರತೆಗೆದದ್ದೂ ಆಯಿತೆನ್ನಿ. ಆದರೆ ಯೋಚಿಸಿ ನೋಡಿ: ಆ ಬುಟ್ಟಿಗೆ ಬಿದ್ದದ್ದು ಬರಿಯ ಲೋಹವಲ್ಲ, ತಂದೆ ಬಿಟ್ಟ ನೌಕರಿ, ನಡುರಾತ್ರಿಯ 300 ಮೈಲಿಗಳು, ಬೆಳಗಿನ ನಾಲ್ಕರ ರೈಲು, ಎಲ್ಲವೂ ಅದರಲ್ಲಿದ್ದವು. ನಮಗೆ ಮೊದಲು ಸಿಟ್ಟು ಬಂತು. ನಮ್ಮ ಮಗಳು ಹೀಗೆ ಮಾಡಿದ್ದರೆ ಎರಡು ದಿನ ಮಾತು ಬಿಡುತ್ತಿದ್ದೆವೋ ಏನೋ. ಸಿಟ್ಟು ಇಳಿದ ಮೇಲೆ ಬೇರೊಂದು ಯೋಚನೆ ಬಂತು. ತಂದೆ ಕೊಟ್ಟದ್ದು ಇಷ್ಟು ಎಂದು ಮಗುವಿಗೆ ದಿನವೂ ಕಾಣುತ್ತಿದ್ದರೆ, ತಾನು ಹಿಂದಿರುಗಿಸಬೇಕಾದದ್ದು ಎಷ್ಟು ಎಂಬುದೂ ಕಾಣುತ್ತಿರಬೇಕಲ್ಲವೇ? ಹೊರನಾಡಿನ ಮನೆಗಳಲ್ಲಿ ನಾವು “ನಿಮಗಾಗಿಯೇ ಇಷ್ಟೆಲ್ಲ” ಎಂದು ಊಟದ ಹೊತ್ತಿಗೆ ಎಷ್ಟು ಸಲ ಹೇಳುತ್ತೇವೆ! ನಾವಂತೂ ಹೇಳಿದ್ದೇವೆ.

2019ರ ಮಾರ್ಚಿಯಲ್ಲಿ ಒಂದು ಸ್ಪರ್ಧೆಯ ನಡುವೆ ಕಾಲಿನ ಗಿಣ್ಣು ಮುರಿಯಿತು. ಆ ವರ್ಷದ ಶರತ್ಕಾಲದಲ್ಲಿ ಹಲಗೆಯನ್ನು ಮೂಲೆಗಿಟ್ಟು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಸೇರಿದಳು. ಅಲ್ಲಿಯೂ ಮೊದಮೊದಲು ಸಹಪಾಠಿಗಳು ಮರೆಯಿಂದ ಫೋಟೋ ತೆಗೆಯುವರು. ಕ್ರಮೇಣ ಗೆಳತಿಯರಾದರು. ಒಂದು ಇಡೀ ಋತು ಆಡದೆ ಕಳೆದು, 2021ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಲಾಕ್ಸ್ ಎಂಬಲ್ಲಿ ಮರಳಿ ಇಳಿದಳು, ಗೆದ್ದಳು. ಮಾರ್ಚಿಯಲ್ಲಿ ವಿಶ್ವ ಚಾಂಪಿಯನ್ ಪಟ್ಟವನ್ನು ಎರಡನೆಯ ಸಲ ಪಡೆದಳು. 2022ರ ಫೆಬ್ರವರಿಯ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಮೊದಲ ಇಳಿತದಲ್ಲೇ 94 ಅಂಕ ಗಳಿಸಿ, ಉಳಿದೆರಡರಲ್ಲಿ ಇನ್ನೂ ಕಠಿಣವಾದುದನ್ನು ಸಾಧಿಸಹೋಗಿ ಬಿದ್ದು, ಆ 94ರಿಂದಲೇ ಮತ್ತೆ ಚಿನ್ನ ಗೆದ್ದಳು. ಹಾಫ್‌ಪೈಪಿನಲ್ಲಿ ಎರಡು ಒಲಿಂಪಿಕ್ ಚಿನ್ನ ಪಡೆದ ಹೆಣ್ಣು ಅದುವರೆಗೆ ಬೇರೊಬ್ಬಳಿರಲಿಲ್ಲ. 2025ರಲ್ಲಿ ವಿಶ್ವ ಚಾಂಪಿಯನ್ ಪಟ್ಟ ಮೂರನೆಯ ಸಲ. ಹದಿನಾಲ್ಕರಲ್ಲಿ ಆಕೆ ಮಾಡಿದ್ದ ಎಕ್ಸ್ ಗೇಮ್ಸಿನ ದಾಖಲೆ ಮಾತ್ರ 2023ರ ಜನವರಿಯಲ್ಲಿ ಮುರಿಯಿತು. ಮುರಿದವಳು ಯಾರೆಂದು ಬಲ್ಲಿರಾ? ದಕ್ಷಿಣ ಕೊರಿಯದಿಂದಲೇ ಬಂದ ಚೊಯ್ ಗಾ-ಓನ್ ಎಂಬ ಹದಿನಾಲ್ಕರ ಹುಡುಗಿ, ವಯಸ್ಸಿನಲ್ಲಿ ಕೆಲವೇ ತಿಂಗಳು ಚಿಕ್ಕವಳು.

ಇನ್ನು, ಮೊದಲು ಹೇಳುವೆವೆಂದು ಕಟ್ಟಿಟ್ಟ ಕಾರಣ.

2021ರ ಏಪ್ರಿಲಿನಲ್ಲಿ, ಕೋವಿಡ್ ಕಾಲದಲ್ಲಿ, ಅಮೆರಿಕದಲ್ಲಿ ಪೂರ್ವ ಏಷ್ಯದ ಮುಖದವರ ಮೇಲೆ ಬೀದಿಗಳಲ್ಲಿ ಹಲ್ಲೆಗಳಾಗುತ್ತಿದ್ದಾಗ, ಕ್ಲೋಯಿ ಕಿಮ್ ಮೊದಲ ಸಲ ಬಾಯಿ ಬಿಟ್ಟು ಒಂದು ವಿಷಯ ಹೇಳಿದಳು. ಹದಿಮೂರರಲ್ಲಿ ಎಕ್ಸ್ ಗೇಮ್ಸಿನ ಆ ಮೊದಲ ಪದಕ ಗೆದ್ದಾಗಿನಿಂದಲೂ, ಬಿಳಿಯ ಹುಡುಗಿಯರ ಪದಕ ಕಸಿಯಬೇಡ, ನಿನ್ನ ದೇಶಕ್ಕೆ ಹೋಗು ಎಂಬ ಧಾಟಿಯ ಸಂದೇಶಗಳು ಆಕೆಗೆ ಬರುತ್ತಿದ್ದವಂತೆ. ಆಗ ಹುಡುಗಿ ಏನು ಮಾಡಿದಳು? ಜನರೆದುರು ತಂದೆತಾಯಿಯರೊಡನೆ ಕೊರಿಯನ್ ಮಾತಾಡುವುದನ್ನು ನಿಲ್ಲಿಸಿದಳು. ತನ್ನ ಹುಟ್ಟಿನ ಬಗ್ಗೆಯೇ ನಾಚಿಕೆಯಾಗುತ್ತಿತ್ತೆಂದು ಆಕೆಯೇ ಒಪ್ಪಿಕೊಂಡಳು. ಆ ನಾಚಿಕೆಯನ್ನು ದಾಟಿ ಈಗ ಹೆಮ್ಮೆಪಡುವೆನೆಂದೂ ಹೇಳಿದಳು. ಪ್ಯೊಂಗ್‌ಚಾಂಗಿನ ಬೆಟ್ಟದಲ್ಲಿ ಎರಡು ದೇಶ ನಮ್ಮವಳು ನಮ್ಮವಳು ಎಂದು ಎಳೆದಾಡಿದಾಗ, ಈ ಗಂಟು ಆಕೆಯ ಗಂಟಲಿನಲ್ಲಿತ್ತೆಂದು ಯಾರು ಕಂಡರು?

ಹೋದ ವರ್ಷ, ನಮ್ಮ ಒಂಬತ್ತು ವರ್ಷದ ಮೊಮ್ಮಗನನ್ನು ಕರೆದುಕೊಂಡು ದಾದರಿನಿಂದ ಲೋಕಲ್ ಗಾಡಿಯಲ್ಲಿ ಬರುತ್ತಿದ್ದೆವು. ಎಂದಿನಂತೆ ಏನೋ ಹೇಳುತ್ತಿದ್ದೆವು. ನಮ್ಮ ದನಿ ಕೊಂಚ ದೊಡ್ಡದು, ನೀವು ಬಲ್ಲಿರಿ. ಹುಡುಗ ನಮ್ಮ ತೋಳು ಜಗ್ಗಿ ಮೆಲ್ಲಗೆ, “ಅಜ್ಜಾ, ಇಲ್ಲಿ ಕನ್ನಡ ಬೇಡ” ಎಂದ. ಡಬ್ಬಿಯಲ್ಲಿ ಯಾರೂ ನಮ್ಮನ್ನು ದುರುಗುಟ್ಟಿ ನೋಡಿರಲಿಲ್ಲ; ಯಾರೂ ಒಂದು ಮಾತು ಅಂದಿರಲಿಲ್ಲ. ಈ ನಗರ ನಮಗೆ ಅನ್ನ ಕೊಟ್ಟಿದೆ. ಅದನ್ನು ದೂರಲು ಈ ಕಥೆಯನ್ನು ಹೇಳುತ್ತಿಲ್ಲ. ನಮಗೆ ರೇಗಿತು. ರಾಜ್ಯೋತ್ಸವದಲ್ಲಿ ಭಾಷಣ ಬಿಗಿಯುವ ಅಜ್ಜನಿಗೇ ಈ ಮಾತೇ ಎಂದು ಗದರಿಸಲು ಬಾಯಿ ತೆರೆದೆವು. ಬಾಯಿ ಅಲ್ಲಿಯೇ ನಿಂತಿತು.

ಏಕೆಂದರೆ ನಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಹೊಸದಾಗಿ ಆಫೀಸು ಸೇರಿದ್ದಾಗ, ಊರಿನಿಂದ ನಮ್ಮ ತಾಯಿ ಬಂದಿದ್ದರು. ಕೈಯಲ್ಲಿ ಹಪ್ಪಳದ ಡಬ್ಬಿ, ಕಂಕುಳಲ್ಲಿ ಬಟ್ಟೆಯ ಗಂಟು. ಅದೇ ದಾದರಿನ ಪ್ಲಾಟ್‌ಫಾರಂ ಮೇಲೆ, ಊರಿನ ಸುದ್ದಿಯನ್ನೆಲ್ಲ ಗಟ್ಟಿಯಾಗಿ ಹೇಳುತ್ತ ಬರುತ್ತಿದ್ದರು. ಎದುರಿನಿಂದ ನಮ್ಮ ಆಫೀಸಿನ ಇಬ್ಬರು ಬರುವುದು ಕಾಣಿಸಿತು. ನಾವು ಎರಡು ಹೆಜ್ಜೆ ಮುಂದಾದೆವು. ಎರಡೇ ಹೆಜ್ಜೆ. ತಾಯಿ ಅರ್ಧಕ್ಕೆ ಮಾತು ನಿಲ್ಲಿಸಿದರು. ಆಮೇಲೆ ಗಂಟನ್ನು ಸರಿಪಡಿಸಿಕೊಂಡು, ಮನೆ ತಲುಪುವವರೆಗೂ ಏನೂ ಹೇಳಲಿಲ್ಲ. ಅಂದಿನ ಬಗ್ಗೆ ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಈಗ ಹೇಳೋಣವೆಂದರೆ ಅವರಿಲ್ಲ.

ಆದಕಾರಣ ಹುಡುಗನನ್ನು ಗದರಿಸಲಿಲ್ಲ. ಮನೆಗೆ ಬಂದು, ಊಟವಾದ ಮೇಲೆ, ಈ ಹಿಮದ ಹಲಗೆಯ ಹುಡುಗಿಯ ಕಥೆಯನ್ನು ಕನ್ನಡದಲ್ಲಿಯೇ ಹೇಳಿದೆವು. ಗಾಳ, ಎರೆಹುಳ, ಮೇಣದ ಬತ್ತಿಗೆಲ್ಲ ನಕ್ಕ. ಇಮುಗಿಯ ಕಥೆಯನ್ನು ಎರಡು ಸಲ ಹೇಳಿಸಿಕೊಂಡ. ಪದಕವನ್ನು ಬುಟ್ಟಿಗೆಸೆದದ್ದನ್ನು ಕೇಳಿ, ಬುಟ್ಟಿಯಲ್ಲಿ ಮೊದಲೇ ಕಸವಿತ್ತೇ ಎಂದು ಕೇಳಿದ. ಕಡೆಯ ಸಂಗತಿಯನ್ನು ಹೇಳಿದಾಗ ಮಾತ್ರ ಏನೂ ಅನ್ನಲಿಲ್ಲ. ಚಾಪೆಯ ಅಂಚು ಕೀಳುತ್ತ ಕುಳಿತಿದ್ದ. ನಾವೂ ಪ್ಲಾಟ್‌ಫಾರಂ ಕಥೆಯನ್ನು ಅವನಿಗೆ ಹೇಳಲಿಲ್ಲ. ಇಂದು ಇಲ್ಲಿ ಮೊದಲ ಸಲ ಕೇಳುತ್ತಿದ್ದಾನೆ.

ಮುಂದಿನ ಕಾರ್ಯಕ್ರಮ ಮಕ್ಕಳ ಕೋಲಾಟವೆಂದು ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಆ ಹುಡುಗ ಎರಡನೆಯ ಸಾಲಿನಲ್ಲಿ ಎಡಗಡೆಯಿಂದ ಮೂರನೆಯವನು. ಕೊನೆಯಲ್ಲಿ ಒಂದು ಸುತ್ತು ಜಾಸ್ತಿ ತಿರುಗುವೆನೆಂದು ಬೆಳಗ್ಗಿನಿಂದ ಹೆದರಿಸುತ್ತಿದ್ದಾನೆ. ಕೋಲು ತಪ್ಪಿ ಯಾರಿಗಾದರೂ ತಗುಲಿದರೆ ಹೊಣೆ ನಮ್ಮದು.